ಬಸ್ಸು ಬಿಡದೇ ಇರೋದು, ದಾರಿ ಮುಚ್ಚೋದು

2012ರಲ್ಲಿ ನಾನು ಇಂಜಿನಿಯರಿಂಗ್ ಓದ್ತಿದ್ದೆ. ಆ ವರ್ಷ ನಮ್ಮ ಹಾಸ್ಟೆಲ್‌ನಲ್ಲಿ ಒಂದು ವಿಡಿಯೊ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡ್ತಿತ್ತು. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಒಂದು ಸಭೆ. ವೇದಿಕೆ ಮೇಲೆ ಲಿನಕ್ಸ್ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್. ಸಭೆಯಲ್ಲಿದ್ದ ಒಬ್ಬರು ಎದ್ದು, ತಾವು ಕೊಂಡ ಲ್ಯಾಪ್‌ಟಾಪಿನ ಎನ್ವಿಡಿಯಾ ಗ್ರಾಫಿಕ್ಸ್ ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯಲ್ಲ, ಕಂಪನಿಯಿಂದ ಸಹಾಯವೂ ಇಲ್ಲ ಅಂತಾರೆ. ಟೊರ್ವಾಲ್ಡ್ಸ್ ಉತ್ತರ ಶುರು ಮಾಡ್ತಾರೆ: ನಾವು ವ್ಯವಹರಿಸಿದ ಹಾರ್ಡ್‌ವೇರ್ ಕಂಪನಿಗಳಲ್ಲೇ ಇದು ಅತ್ಯಂತ ಕೆಟ್ಟದ್ದು, ಆಂಡ್ರಾಯ್ಡ್ ಮಾರುಕಟ್ಟೆಗೆ ಚಿಪ್ ಮಾರೋಕೆ ನೋಡ್ತಿರೋ ಕಂಪನಿ ಹೀಗಿರೋದು ಬೇಜಾರು ಅನ್ನೋ ಅರ್ಥದಲ್ಲಿ. ಆಮೇಲೆ ಕ್ಯಾಮೆರಾ ಕಡೆ ತಿರುಗಿ, ಮಧ್ಯದ ಬೆರಳು ಎತ್ತಿ, ಕಂಪನಿಯ ಹೆಸರು ಹಿಡಿದು ಬೈದೇ ಬಿಡ್ತಾರೆ. ಸಭೆಯೆಲ್ಲ ಚಪ್ಪಾಳೆ.

ನಾವೂ ಚಪ್ಪಾಳೆ ಹೊಡೆದಿದ್ವಿ. ರೂಮಿನಲ್ಲಿ ಒಬ್ಬ ಆ ಬೆರಳಿನ ಫೋಟೊವನ್ನೇ ವಾಲ್‌ಪೇಪರ್ ಮಾಡ್ಕೊಂಡಿದ್ದ. ನಾವು ಯಾರ ಕಡೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಐದೇ ವರ್ಷದಲ್ಲಿ ಆ ಬೆರಳು ನನ್ನ ಕಡೆ ತಿರುಗಿದ್ದರೂ ತಪ್ಪಿರಲಿಲ್ಲ ಅಂತ ಆಗ ಯಾರಾದ್ರೂ ಹೇಳಿದ್ದರೆ ನಕ್ಕುಬಿಡ್ತಿದ್ದೆ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಜಗಳ ಏನು ಅಂತ ನೋಡೋಣ.

ಗ್ರಾಫಿಕ್ಸ್ ಕಾರ್ಡ್ ಅನ್ನೋದು ಕಂಪ್ಯೂಟರಿನೊಳಗಿನ ಇನ್ನೊಂದು ಕಂಪ್ಯೂಟರ್. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ತನ್ನದೇ ಭಾಷೆ. ಅದರೊಳಗೆ ಸಾವಿರಾರು ರಿಜಿಸ್ಟರುಗಳಿವೆ. ಯಾವ ರಿಜಿಸ್ಟರಿಗೆ ಯಾವ ಸಂಖ್ಯೆ ಬರೆದರೆ ಫ್ಯಾನ್ ತಿರುಗುತ್ತೆ, ಯಾವುದಕ್ಕೆ ಬರೆದರೆ ವೇಗ ಹೆಚ್ಚುತ್ತೆ ಅನ್ನೋದು ಮಾಡಿದವರಿಗೆ ಮಾತ್ರ ಗೊತ್ತು. ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನ ಕಾರ್ಡಿನ ಭಾಷೆಗೆ ತಿರುಗಿಸಿ ಹೇಳೋ ದುಭಾಷಿಯೇ ಡ್ರೈವರ್. ವಿಂಡೋಸ್‌ಗೆ ಈ ದುಭಾಷಿಯನ್ನ ಕಂಪನಿಯೇ ಕೊಡುತ್ತೆ. ಬೇರೆಯವರಿಗೆ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಆ ಸಭೆಯ ಪ್ರಶ್ನೆ ಆಪ್ಟಿಮಸ್ ಅನ್ನೋ ತಂತ್ರಜ್ಞಾನದ್ದು. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್: ಮೇಲ್ ನೋಡೋಕೆ ಕಡಿಮೆ ಕರೆಂಟಿನದ್ದು, ಗೇಮ್ ಆಡೋಕೆ ದೊಡ್ಡದು. ಬೇಕಾದಾಗ ಮಾತ್ರ ದೊಡ್ಡದು ಏಳಬೇಕು, ಕೆಲಸ ಮುಗಿದ ಮೇಲೆ ಮಲಗಬೇಕು. ವಿಂಡೋಸ್‌ನಲ್ಲಿ ಇದು ಸಲೀಸು. ಆಗ ಲಿನಕ್ಸ್‌ನಲ್ಲಿ ಅದನ್ನ ಏಳಿಸೋದೂ ಕಷ್ಟ ಇತ್ತು, ಮಲಗಿಸೋದೂ ಕಷ್ಟ ಇತ್ತು. ಕೆಲಸ ಇಲ್ಲದಿದ್ದರೂ ಬ್ಯಾಟರಿ ಕುಡೀತಾ, ಬಿಸಿ ಆಗ್ತಾ ಕೂತಿರೋದು. ಕಡೆಗೆ ಬಳಕೆದಾರರೇ ಸೇರಿ ಬಂಬಲ್‌ಬೀ ಅಂತ ಒಂದು ಉಪಾಯ ಕಟ್ಟಿದರು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, ಏನನ್ನ ಅಳಿಸಬೇಕು ಅಂತ ಹೇಳೋ ಸಾಲಿನಲ್ಲಿ, ಯಾರೋ ಒಂದು ಸ್ಪೇಸ್ ಹೆಚ್ಚಿಗೆ ಒತ್ತಿಬಿಟ್ಟರು. ಒಂದು ಸಣ್ಣ ಫೋಲ್ಡರ್ ಅಳಿಸಬೇಕಿದ್ದ ಕಮಾಂಡು ಸಿಸ್ಟಮ್ಮಿನ 'ಯುಎಸ್ಆರ್' ಫೋಲ್ಡರನ್ನೇ, ಅಂದ್ರೆ ಹೆಚ್ಚುಕಮ್ಮಿ ಎಲ್ಲ ಸಾಫ್ಟ್‌ವೇರನ್ನೂ, ಗುಡಿಸಿ ಹಾಕ್ತು. ನಾವು ಪ್ರೋಗ್ರಾಮರುಗಳು ಈ ಕಥೆ ಹೇಳ್ಕೊಂಡು ಇವತ್ತಿಗೂ ನಗ್ತೀವಿ. ಆದರೆ ಮಾಡಿದವರು ಮಾಡಬೇಕಿದ್ದ ಕೆಲಸವನ್ನ ರಾತ್ರಿ ನಿದ್ದೆಗೆಟ್ಟು ಮಾಡ್ತಿದ್ದ ಜನ ಅವರು ಅನ್ನೋದನ್ನ ಮರೀತೀವಿ.

ಈಗ ಪ್ರಶ್ನೆ. ದುಡ್ಡು ಕೊಟ್ಟು ಒಂದು ವಸ್ತು ಕೊಂಡವರಲ್ಲಿ ನೂರಕ್ಕೆ ಮೂರೋ ನಾಲ್ಕೋ ಮಂದಿ ಬೇರೆ ರೀತಿ ಬಳಸ್ತಾರೆ. ಆ ಮೂರು ನಾಲ್ಕು ಮಂದಿಗೆ ಮಾರಿದವರ ಋಣ ಏನು? ಸಂಖ್ಯೆ ಕಡಿಮೆ ಆದ್ರೆ ಋಣವೂ ಕಡಿಮೆ ಆಗುತ್ತಾ?

ಬೇಗ ಉತ್ತರ ಕೊಡೋರು ಎರಡು ಥರ. ಒಬ್ಬರು, ದುಡ್ಡು ತಗೊಂಡ ಮೇಲೆ ಎಲ್ಲರಿಗೂ ಮಾಡಿಕೊಡಬೇಕು ಅಂತಾರೆ. ಇನ್ನೊಬ್ಬರು, ಕಂಪನಿ ಏನು ಧರ್ಮಛತ್ರವಾ, ನಾಲ್ಕು ಜನಕ್ಕೋಸ್ಕರ ನಲವತ್ತು ಇಂಜಿನಿಯರುಗಳನ್ನ ಕೂರಿಸೋಕಾಗುತ್ತಾ ಅಂತಾರೆ. ಸಂಬಳಕ್ಕೆ ಕೋಡ್ ಬರೆಯೋನಾಗಿ ನನಗೆ ಎರಡನೇದು ಬೇಗ ಅರ್ಥ ಆಗುತ್ತೆ. ಒಂದು ಪ್ಲಾಟ್‌ಫಾರಂ ಹೆಚ್ಚಾದ್ರೆ ಬರೆಯೋದು ಒಂದು ಸಲ, ಟೆಸ್ಟ್ ಮಾಡೋದು ಜೀವಮಾನ ಪೂರ್ತಿ.

ಹಳ್ಳಿಯಲ್ಲಿ ಬೆಳೆದವನಾಗಿಯೂ ಅದು ನನಗೆ ಅರ್ಥ ಆಗುತ್ತೆ. ನಮ್ಮೂರು ಟಾರು ರಸ್ತೆಯಿಂದ ಎರಡು ಮೈಲಿ ಒಳಗೆ. ದಿನಕ್ಕೆ ಎರಡು ಸಲ ಬಸ್ಸು ಬರ್ತಿತ್ತು. ಒಂದು ವರ್ಷ ಸಂಜೆ ಬಸ್ಸು ನಿಂತಿತು. ಹತ್ತೋರೇ ಇಲ್ಲ, ಡೀಸೆಲ್ ಕಾಸೂ ಹುಟ್ಟಲ್ಲ ಅಂದ್ರು. ಊರಿನೋರು ಬೈಕೊಂಡರು, ಹಠ ಮಾಡಲಿಲ್ಲ. ಗೇಟಿನಲ್ಲಿ ಇಳಿದು ನಡೀತಾ ಬಂದರು. ಸ್ವಲ್ಪ ದಿನದಲ್ಲಿ ಒಬ್ಬರು ಆಟೊ ಹಾಕಿದರು. ಹುಡುಗರು ಸೈಕಲ್ ತುಳಿದರು. ಬಸ್ಸು ಬಿಡದೇ ಇದ್ದದ್ದು ಕಷ್ಟ, ಆದರೆ ಅನ್ಯಾಯ ಅಂತ ನಮ್ಮಪ್ಪನೂ ಹೇಳಿದ್ದಿಲ್ಲ. ಅದೇ ಯಾರಾದ್ರೂ ಬಂದು ಆ ಎರಡು ಮೈಲಿ ದಾರಿಗೆ ಅಡ್ಡ ಟ್ರೆಂಚ್ ಹೊಡೆದು, ಆಟೋನೂ ಹೋಗಬಾರದು, ಸೈಕಲ್ಲೂ ಹೋಗಬಾರದು ಅಂದಿದ್ದರೆ? ಊರು ಸುಮ್ಮನಿರ್ತಿರಲಿಲ್ಲ. ಹತ್ತು ಮನೆಯಾದರೇನು, ನೂರು ಮನೆಯಾದರೇನು, ಅದು ಬೇರೆಯದೇ ಥರದ ಕೆಲಸ.

ಡ್ರೈವರ್ ಜಗಳದಲ್ಲಿ ನಾವು ಈ ಎರಡನ್ನೂ ಒಂದೇ ಮಾಡಿ ಮಾತಾಡ್ತೀವಿ. ಸಹಾಯ ಮಾಡದೇ ಇರೋದು ಒಂದು. ತಾವೇ ಮಾಡ್ಕೊಳ್ಳೋರನ್ನ ತಡೆಯೋದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಹಾಕಬಹುದು, ಸಂಖ್ಯೆ ನೋಡಬಹುದು. ಎರಡನೆಯದಕ್ಕೆ ಸಂಖ್ಯೆ ನೆಪ ಆಗಲ್ಲ.

ನೂವೋ ಅನ್ನೋ ಪ್ರಾಜೆಕ್ಟಿನ ಕಥೆ ನೋಡಿ. ಎನ್ವಿಡಿಯಾ ಲಿನಕ್ಸ್‌ಗೆ ಡ್ರೈವರನ್ನೇ ಕೊಟ್ಟಿಲ್ಲ ಅಂತಲ್ಲ. ಕೊಟ್ಟಿತ್ತು, ಅದು ವೇಗವಾಗಿಯೂ ಇತ್ತು. ಆದರೆ ಮುಚ್ಚಿದ ಡಬ್ಬಿ. ಒಳಗೆ ಏನಿದೆ ನೋಡೋ ಹಾಗಿಲ್ಲ, ಕೆಟ್ಟರೆ ತಿದ್ದೋ ಹಾಗಿಲ್ಲ, ಕರ್ನಲ್ ಬದಲಾದ್ರೆ ಅವರು ಹೊಸದು ಕೊಡೋ ತನಕ ಕಾಯಬೇಕು. ಹಾಗಾಗಿ ಕೆಲವರು ತಾವೇ ತೆರೆದ ಡ್ರೈವರ್ ಬರೆಯೋಕೆ ಹೊರಟರು. ಪುಸ್ತಕ ಇಲ್ಲ, ಹೇಳಿಕೊಡೋರಿಲ್ಲ. ಅವರು ಮಾಡಿದ್ದು ಇಷ್ಟು: ಮುಚ್ಚಿದ ಡ್ರೈವರಿನ ಮೇಲೆ ಒಂದು ಚಿಕ್ಕ ಚಿತ್ರ ಬರೆಸೋದು, ಬರೆಸೋ ಮೊದಲು ರಿಜಿಸ್ಟರುಗಳಲ್ಲಿ ಏನಿತ್ತು, ಆಮೇಲೆ ಏನಾಯ್ತು ಅಂತ ಹೋಲಿಸೋದು. ಒಂದು ತ್ರಿಕೋನ. ಒಂದು ಬಣ್ಣ. ಮತ್ತೆ ಹೋಲಿಸೋದು. ಸಾವಿರಾರು ಸಲ. 2010ರಲ್ಲಿ ಬಂದ ಲಿನಕ್ಸ್ 2.6.33ರಲ್ಲಿ ಆ ಡ್ರೈವರ್ ಕರ್ನಲ್ಲಿನ ಒಳಗೇ ಸೇರ್ತು. ಕಂಪನಿ ಸಹಾಯ ಮಾಡಲಿಲ್ಲ, ತಡೆಯಲೂ ಇಲ್ಲ. ಅಲ್ಲಿವರೆಗೆ ಇದು ಸಂಜೆ ಬಸ್ಸಿನ ಕಥೆಯೇ.

ಟ್ರೆಂಚ್ ಹೊಡೆದದ್ದು 2014ರಲ್ಲಿ. ಆ ವರ್ಷ ಶುರುವಾದ ಜಿಟಿಎಕ್ಸ್ 900 ಸಾಲಿನ ಕಾರ್ಡುಗಳಿಗೆ, ಕಂಪನಿಯ ಡಿಜಿಟಲ್ ಸಹಿ ಇರೋ ಫರ್ಮ್‌ವೇರ್ ಮಾತ್ರ ಒಪ್ಪುವಂತೆ ಬೀಗ ಬಿತ್ತು. ಕಾರ್ಡಿನ ವೇಗ ಹೆಚ್ಚಿಸೋ ಭಾಗವೂ ಆ ಬೀಗದ ಹಿಂದೆ. ಚಿತ್ರ ಮೂಡಿಸೋಕೆ ಬೇಕಾದ ಸಹಿ ಮಾಡಿದ ಫರ್ಮ್‌ವೇರನ್ನ ಕಂಪನಿ ಆಮೇಲೆ ಕೊಟ್ಟಿತು, ವೇಗ ಹೆಚ್ಚಿಸೋಕೆ ಬೇಕಾದದ್ದನ್ನ ಕೊಡಲಿಲ್ಲ. ಹಾಗಾಗಿ ತೆರೆದ ಡ್ರೈವರಿನಲ್ಲಿ ಆ ಕಾರ್ಡು, ಕಂಪ್ಯೂಟರ್ ಆನ್ ಮಾಡಿದಾಗ ಎದ್ದ ಮಂದ ವೇಗದಲ್ಲೇ ತೆವಳಬೇಕು. ಹತ್ತು ಎಚ್‌ಪಿ ಮೋಟರ್ ಕೊಂಡು ಒಂದು ಎಚ್‌ಪಿ ನೀರು ಎತ್ತಿದ ಹಾಗೆ. ಬರೆಯೋ ಜಾಣ್ಮೆ ಇದ್ದವರಿದ್ದರು, ಪುಕ್ಕಟೆ ಬರೆಯೋಕೆ ತಯಾರಿದ್ದರು. ಸಹಿ ಮಾತ್ರ ಇರಲಿಲ್ಲ.

ಬಣವೆ ಮೇಲೆ ಮಲಗಿದ ನಾಯಿ ತಾನೂ ಹುಲ್ಲು ತಿನ್ನಲ್ಲ, ಹಸೂನೂ ತಿನ್ನೋಕೆ ಬಿಡಲ್ಲ ಅಂತಾರಲ್ಲ, ನನಗೆ ಥಟ್ಟನೆ ನೆನಪಾಗೋದು ಅದೇ. ಆದರೂ ನಾಯಿಯ ಮಾತೂ ಕೇಳಬೇಕು. ಡ್ರೈವರಿನೊಳಗೆ ಬೇರೆಯವರಿಂದ ಲೈಸೆನ್ಸ್ ತಗೊಂಡ ಕೋಡ್ ಇರಬಹುದು, ಅದನ್ನ ಬಿಚ್ಚಿಡೋಕೆ ಇವರಿಗೆ ಹಕ್ಕಿಲ್ಲ. ಪೇಟೆಂಟ್ ಭಯ ಇರುತ್ತೆ. ಹಳೇ ಕಾರ್ಡಿನ ಒಳಗಿನ ಹೆಸರು ತಿದ್ದಿ ಹೊಸದು ಅಂತ ಮಾರೋ ಮೋಸಗಾರರಿದ್ದಾರೆ, ಸಹಿಯ ಬೀಗ ಇದ್ದರೆ ಅವರಿಗೆ ಕಷ್ಟ. ಇವೆಲ್ಲ ಸುಳ್ಳಲ್ಲ. ಆದರೆ ಬೀಗ ಬೇಕು ಅನ್ನೋದು ಒಂದು ಮಾತು, ಕೀಲಿ ಮನೆ ಕೊಂಡವನ ಕೈಯಲ್ಲಿ ಇರಲೇಬಾರದು ಅನ್ನೋದು ಬೇರೆ ಮಾತು. ಕಳ್ಳರ ಭಯಕ್ಕೆ ಯಜಮಾನನನ್ನೂ ಹೊರಗೆ ನಿಲ್ಲಿಸಿದರೆ ಅದನ್ನ ಕಾವಲು ಅನ್ನೋಕಾಗಲ್ಲ.

ಬೇರೆ ದಾರಿ ಇರಲಿಲ್ಲವಾ ಅಂದ್ರೆ, ಇತ್ತು. 2006ರಲ್ಲಿ ಎಟಿಐ ಕಂಪನಿಯನ್ನ ಕೊಂಡ ಎಎಂಡಿ, 2007ರ ಸೆಪ್ಟೆಂಬರಿನಲ್ಲಿ ತನ್ನ ಗ್ರಾಫಿಕ್ಸ್ ಚಿಪ್ಪುಗಳ ದಾಖಲೆಗಳನ್ನ ಹೊರಗೆ ಬಿಡ್ತೀವಿ ಅಂತ ಹೇಳಿ ಬಿಡೋಕೆ ಶುರು ಮಾಡ್ತು. ಅವರ ಡ್ರೈವರುಗಳೂ ಮೊದಲು ಚೆನ್ನಾಗೇನೂ ಇರಲಿಲ್ಲ. ಆದರೆ ದಾರಿ ತೆರೆದಿತ್ತು. ಇದರ ಫಲ ಲಿನಕ್ಸ್‌ಗೆ ಮಾತ್ರ ಸಿಗಲಿಲ್ಲ. ಲಿನಕ್ಸ್‌ಗಿಂತಲೂ ಕಡಿಮೆ ಜನ ಡೆಸ್ಕ್‌ಟಾಪಿನಲ್ಲಿ ಬಳಸೋ ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಇದೆ. ಅದು ಲಿನಕ್ಸ್‌ಗೆ ಅಂತ ಬರೆದ ಎಎಂಡಿ, ಇಂಟೆಲ್ ಡ್ರೈವರುಗಳನ್ನೇ ತಂದು, ನಡುವೆ ಒಂದು ಹೊಂದಾಣಿಕೆಯ ಪದರ ಇಟ್ಟು, ತನ್ನಲ್ಲಿ ಓಡಿಸ್ಕೊಳ್ಳುತ್ತೆ. ಅವರಿಗೆ ಅಂತ ಯಾರೂ ಯೋಜನೆ ಹಾಕಿರಲಿಲ್ಲ. ತೆರೆದ ದಾರಿಯಲ್ಲಿ ಲೆಕ್ಕಕ್ಕೇ ಹಿಡಿಯದವರೂ ನಡೀಬಹುದು.

2022ರ ಮೇ ತಿಂಗಳಲ್ಲಿ ಎನ್ವಿಡಿಯಾ ಕೂಡ ತನ್ನ ಲಿನಕ್ಸ್ ಡ್ರೈವರಿನ ಕರ್ನಲ್ ಭಾಗದ ಕೋಡನ್ನ ತೆರೆದಿಟ್ಟಿತು. ಒಳ್ಳೇದೇ. ಆದರೆ 2018ರ ಟ್ಯೂರಿಂಗ್ ಮತ್ತು ಅದರ ಮುಂದಿನ ಕಾರ್ಡುಗಳಿಗೆ ಮಾತ್ರ. ಬೀಗ ಹಾಕಿದ 900, ಅದರ ನಂತರದ 1000 ಸಾಲುಗಳು ಹಿಂದೆಯೇ ಉಳಿದವು. 2025ರಲ್ಲಿ, ಇನ್ನು ಮುಂದೆ ಹೊಸ ಡ್ರೈವರುಗಳಲ್ಲಿ ಈ ಹಳೇ ಸಾಲುಗಳಿಗೆ ಜಾಗ ಇಲ್ಲ, 580ನೇ ಆವೃತ್ತಿಯೇ ಕಡೆಯದು ಅಂತ ಕಂಪನಿ ಹೇಳ್ತು. ಹತ್ತು ವರ್ಷ ಹಳೇ ಕಾರ್ಡನ್ನ ಕೈಬಿಡೋದು ತಪ್ಪು ಅಂತ ನಾನು ಹೇಳಲ್ಲ. ಸಾಕೋಕಾಗಲ್ಲ ಅಂದವರು ಕಣ್ಣಿ ಬಿಚ್ಚಿ ಕಳಿಸಬೇಕು ಅಷ್ಟೇ. ಇಲ್ಲಿ ಹುಲ್ಲು ಹಾಕೋದು ನಿಲ್ಲಿಸಿದರು, ಕಣ್ಣಿ ಹಾಗೇ ಬಿಟ್ಟರು.

ಇಷ್ಟು ಹೊತ್ತು ದೊಡ್ಡವರ ಸುದ್ದಿ ಹೇಳಿದೆ. ಈಗ ನನ್ನದು.

2017ರಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳ್ಳಿ ಡೇರಿಗಳಲ್ಲಿ ಹಾಲಿನ ಫ್ಯಾಟು, ಡಿಗ್ರಿ ಅಳೆಯೋ ಮಷೀನು ನಮ್ಮದು. ಮಷೀನು ಅಳೆದದ್ದನ್ನ ವೈರಿನಲ್ಲಿ ಕಂಪ್ಯೂಟರಿಗೆ ಕಳಿಸುತ್ತೆ, ಕಂಪ್ಯೂಟರಿನ ಸಾಫ್ಟ್‌ವೇರ್ ಲೆಕ್ಕ ಹಾಕಿ ಚೀಟಿ ಪ್ರಿಂಟ್ ಮಾಡುತ್ತೆ. ಆ ಸಾಫ್ಟ್‌ವೇರ್ ನನ್ನ ಕೆಲಸ. ವಿಂಡೋಸ್‌ಗೆ ಮಾತ್ರ.

ಒಂದು ದಿನ ಅರಸೀಕೆರೆ ಕಡೆಯ ಒಂದು ಹಳ್ಳಿಯಿಂದ ಮೇಲ್ ಬಂತು. ಡೇರಿ ಸೆಕ್ರೆಟರಿಯ ಮಗ, ಡಿಪ್ಲೊಮಾ ಓದ್ತಿದ್ದ ಹುಡುಗ. ಡೇರಿಯ ಹಳೇ ಕಂಪ್ಯೂಟರಿನಲ್ಲಿ ಎಕ್ಸ್‌ಪಿ ವೈರಸ್ ಹತ್ತಿ ಕೂತಿತ್ತು. ನಮ್ಮ ಹೊಸ ಸಾಫ್ಟ್‌ವೇರಿಗೆ ವಿಂಡೋಸ್ 7 ಬೇಕು, ಆ ಕಂಪ್ಯೂಟರಿಗೆ ಅದನ್ನ ಹೊರೋ ಶಕ್ತಿ ಇಲ್ಲ, ಹೊಸದು ಕೊಳ್ಳೋಕೆ ಸಂಘದಲ್ಲಿ ದುಡ್ಡಿಲ್ಲ. ಅವನು ಲಿನಕ್ಸ್ ಹಾಕಿದ್ದ. ನಮ್ಮ ಮಷೀನಿಗೆ ಲಿನಕ್ಸ್ ಸಾಫ್ಟ್‌ವೇರ್ ಇದೆಯಾ ಅಂತ ಕೇಳಿದ್ದ. ಲಿನಕ್ಸ್‌ಗೆ ಬೆಂಬಲ ಇಲ್ಲ ಅಂತ ಎರಡು ಸಾಲು ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದ.

"ಸರ್, ನಿಮ್ ಸಾಫ್ಟ್‌ವೇರ್ ಬೇಡ ಸರ್. ಮಷೀನು ವೈರಲ್ಲಿ ಏನ್ ಕಳ್ಸುತ್ತೆ ಅಂತ ಹೇಳಿ ಸಾಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ."

"ಅದನ್ನೆಲ್ಲ ಹೊರಗೆ ಕೊಡಂಗಿಲ್ಲಪ್ಪ. ಕಂಪನಿ ರೂಲ್ಸು."

"ಹಂಗಾದ್ರೆ ಪುಸ್ತಕದಲ್ಲೇ ಬರ್ಕೊಳದಾ ಸರ್?"

ನನಗೆ ಮೀಟಿಂಗ್ ಇತ್ತು, ಫೋನ್ ಇಟ್ಟೆ.

ಪುಸ್ತಕದಲ್ಲಿ ಬರ್ಕೊಳ್ಳೋದು ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಮ್ಮ ಡೇರಿಗೆ ಹಾಲು ಹಾಕಿಯೇ ನನ್ನ ಹಾಸ್ಟೆಲ್ ಫೀಸ್ ಕಟ್ಟಿದ್ದು. ರೇಟು ನಿಂತಿರೋದು ಫ್ಯಾಟಿನ ಮೇಲೆ. ಚೀಟಿ ಬರೋಕೆ ಮೊದಲು ಬರೆಯೋನ ಪೆನ್ನಿನಲ್ಲೇ ಫ್ಯಾಟು ಅಂತ ನಮ್ಮೂರಲ್ಲಿ ಜಗಳ ಆಗದ ವಾರ ಇರಲಿಲ್ಲ. ಮಷೀನಿನ ಚೀಟಿ ಬಂದ ಮೇಲೆ ಅದು ನಿಂತಿತ್ತು. ಆ ಹುಡುಗ ಕೇಳಿದ್ದು ಎರಡು ಪುಟದ ಒಂದು ಪಿಡಿಎಫ್. ಅದು ನನ್ನ ಡೆಸ್ಕ್‌ಟಾಪ್ ಮೇಲೇ ಇತ್ತು. 'ಕಂಪನಿ ರೂಲ್ಸು' ಅಂದೆನಲ್ಲ, ಅಂಥ ರೂಲ್ಸು ಇದೆಯಾ ಅಂತ ನಾನು ಮ್ಯಾನೇಜರನ್ನ ಕೇಳಲೇ ಇಲ್ಲ. ಕೇಳಿದ್ದರೆ ಬೇಡ ಅಂತಿದ್ದರೋ ಏನೋ. ನಾನು ಕೇಳಲಿಲ್ಲ. ಇಲ್ಲ ಅನ್ನೋದು ಸುಲಭ ಇತ್ತು.

ಎರಡು ತಿಂಗಳಾದ ಮೇಲೆ ಅವನಿಂದ ಇನ್ನೊಂದು ಮೇಲ್ ಬಂತು. ಮಷೀನಿನ ವೈರನ್ನ ಕಂಪ್ಯೂಟರಿಗೆ ಹಾಕಿ, ಬರೋ ಅಂಕಿಗಳನ್ನ ಸಾಲಾಗಿ ಬರ್ಕೊಂಡಿದ್ದ. ಒಂದೇ ಹಾಲನ್ನ ಹತ್ತು ಸಲ ಹಾಕಿ ಯಾವ ಅಂಕಿ ಬದಲಾಗಲ್ಲ ನೋಡಿದ್ದ. ಆಮೇಲೆ ಅದಕ್ಕೆ ಲೋಟ ಲೋಟ ನೀರು ಬೆರೆಸಿ ಯಾವ ಅಂಕಿ ಇಳಿಯುತ್ತೆ ನೋಡಿದ್ದ. ಎಮ್ಮೆ ಹಾಲು ಹಾಕಿ ಯಾವುದು ಏರುತ್ತೆ ನೋಡಿದ್ದ. ನೂವೋದವರು ಮಾಡಿದ್ದೂ ಇದನ್ನೇ. ಆ ಹೆಸರನ್ನ ಅವನು ಕೇಳಿದ್ದನೋ ಇಲ್ಲವೋ ಗೊತ್ತಿಲ್ಲ. ಮೇಲ್‌ನ ಜೊತೆ ಎರಡು ಪುಟ ಇತ್ತು: ಫ್ಯಾಟು ಎಷ್ಟನೇ ಅಂಕಿಯಿಂದ ಶುರು, ಡಿಗ್ರಿ ಎಲ್ಲಿ, ಕೊನೆಯಲ್ಲಿ ಬರೋ ಅಕ್ಷರ ಯಾಕೆ. ನನ್ನ ಪಿಡಿಎಫ್ ಪಕ್ಕದಲ್ಲಿ ಇಟ್ಟು ನೋಡಿದೆ. ಒಂದೇ ಒಂದು ಕಡೆ ತಪ್ಪಿತ್ತು. ಕೆಳಗೆ ಬರೆದಿದ್ದ: ಸರ್, ನಮಗೆ ಆಯ್ತು, ಚೀಟಿ ಬರ್ತಿದೆ. ಬೇರೆ ಡೇರಿಯೋರು ಯಾರಾದ್ರೂ ಕೇಳಿದ್ರೆ ಇದನ್ನ ಕೊಡಿ.

ನಾನು ಕೊಡದೇ ಇದ್ದದ್ದನ್ನ ಅವನು ನನಗೇ ಕೊಟ್ಟಿದ್ದ, ಇನ್ನೊಬ್ಬರಿಗೆ ಕೊಡಿ ಅಂತ.

ರಿಚರ್ಡ್ ಸ್ಟಾಲ್‌ಮನ್ ಹೇಳೋ ಪ್ರಿಂಟರ್ ಕಥೆ ನಮ್ಮ ಕಸುಬಿನಲ್ಲಿ ಬಹಳ ಜನಕ್ಕೆ ಗೊತ್ತು. ಎಂಐಟಿಯ ಲ್ಯಾಬಿಗೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂದಿತ್ತು, ಕಾಗದ ಸಿಕ್ಕಿಹಾಕ್ಕೊಳ್ತಿತ್ತು, ಸಾಫ್ಟ್‌ವೇರ್ ತಿದ್ದೋಣ ಅಂದ್ರೆ ಕೋಡ್ ಇಲ್ಲ. ಕೋಡ್ ಇದ್ದವರೊಬ್ಬರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದರು. ಸ್ಟಾಲ್‌ಮನ್ ಹೋಗಿ ಕೇಳಿದರೆ, ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂದರಂತೆ. ಅಂಥ ಅನುಭವಗಳಿಂದ ಹೊರಟದ್ದು 1983ರಲ್ಲಿ ಘೋಷಣೆಯಾದ ಗ್ನೂ ಯೋಜನೆ. ಮೊದಲು ನಾನು ಈ ಕಥೆಯನ್ನ ಕಂಪನಿಗಳ ವಿರುದ್ಧದ ಕಥೆ ಅಂತ ಓದ್ತಿದ್ದೆ. ಈಗ ಕಣ್ಣಿಗೆ ಬೀಳೋದು ಬೇರೆ. ಅಲ್ಲಿ ಎದುರಿಗೆ ನಿಂತು ಇಲ್ಲ ಅಂದದ್ದು ಕಂಪನಿ ಅಲ್ಲ, ಒಬ್ಬ ಮನುಷ್ಯ. ಅವರಾದರೂ ಕೊಟ್ಟ ಮಾತಿಗೆ ಇಲ್ಲ ಅಂದರು. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕಂಪನಿ ಅನ್ನೋದು ಯಾವತ್ತೂ ಫೋನ್ ಎತ್ತಲ್ಲ. ಎತ್ತೋದು ನಮ್ಮಂಥ ಯಾರೋ ಒಬ್ಬರು.

ಎಲ್ಲ ಗುಟ್ಟನ್ನೂ ಬಿಚ್ಚಿಡಿ, ರೂಲ್ಸು ಮುರೀರಿ ಅಂತ ನಾನು ಹೇಳ್ತಿಲ್ಲ. ನಮ್ಮ ಮನೆ ಸಾಲದ ಕಂತೂ ಸಂಬಳದಿಂದಲೇ ಹೋಗೋದು. ಈಗಿರೋ ಕೆಲಸದಲ್ಲೂ ನೂರಕ್ಕೆ ಎರಡು ಜನ ಬಳಸೋ ಫೋನುಗಳಿಗೆ, ಬ್ರೌಸರುಗಳಿಗೆ ಇನ್ನು ಆಗಲ್ಲ ಅಂತ ತೀರ್ಮಾನ ಮಾಡೋ ಮೀಟಿಂಗುಗಳಲ್ಲಿ ಕೂರ್ತೀನಿ, ಕೈ ಎತ್ತೀನಿ. ಬಹಳ ಸಲ ಅದೇ ಸರಿ. ಆದರೆ ಕೈ ಎತ್ತೋಕೆ ಮುಂಚೆ ಇನ್ನೊಂದು ಮಾತು ಕೇಳೋದನ್ನ ಅಭ್ಯಾಸ ಮಾಡ್ಕೊಂಡಿದ್ದೀನಿ: ನಾವು ಮಾಡಿಕೊಡಲ್ಲ ಸರಿ, ಅವರು ತಾವೇ ಮಾಡ್ಕೊಳ್ಳೋಕೆ ಏನಾದ್ರೂ ಬಿಟ್ಟು ಹೋಗ್ತಿದ್ದೀವಾ? ಹಳೇ ಆವೃತ್ತಿಯನ್ನ ಇಳಿಸ್ಕೊಳ್ಳೋಕೆ ಒಂದು ಜಾಗ, ಡೇಟಾ ಹೊರಗೆ ತಗೊಳ್ಳೋಕೆ ಒಂದು ಬಟನ್, ಎರಡು ಪುಟದ ಒಂದು ದಾಖಲೆ. ಹತ್ತರಲ್ಲಿ ಏಳು ಸಲ ಇದಕ್ಕೆ ಖರ್ಚೇ ಇರಲ್ಲ. ಉಳಿದ ಮೂರು ಸಲ ಜಗಳ ಆಡಬೇಕು, ಎಲ್ಲ ಸಲ ಗೆಲ್ಲಲ್ಲ.

ಆ ಹಳೇ ಕಂಪನಿಯಲ್ಲಿ ನಾನು ಇನ್ನೂ ಒಂದು ವರ್ಷ ಇದ್ದೆ. ಅಷ್ಟರಲ್ಲಿ ಇನ್ನಿಬ್ಬರು ಅದನ್ನೇ ಕೇಳಿದರು. ಇಬ್ಬರಿಗೂ ಆ ಹುಡುಗನ ಎರಡು ಪುಟ ಕಳಿಸಿದೆ. ತಪ್ಪಿದ್ದ ಒಂದು ಕಡೆ ತಿದ್ದಿದ್ದೆ. ಮ್ಯಾನೇಜರಿಗೆ ಹೇಳಲಿಲ್ಲ. ತಿದ್ದಿದ ಪುಟವನ್ನ ಅವನಿಗೂ ಕಳಿಸಿ, ಅವತ್ತು ಫೋನ್ ಇಟ್ಟಿದ್ದಕ್ಕೆ ತಪ್ಪಾಯ್ತು ಅಂತ ಒಂದು ಸಾಲು ಬರೆಯಬೇಕಿತ್ತು. ಬರೀತೀನಿ ಅಂದ್ಕೊಂಡೇ ಕೆಲಸ ಬಿಟ್ಟೆ. ಆ ಮೇಲ್ ಐಡಿ ಕಂಪನಿಯ ಜೊತೆಗೇ ಹೋಯ್ತು.